ಇಬ್ಬರೂ ಇಟ್ಟ ಒಂದೇ ಹೆಸರು

೨೦೦೪ರಲ್ಲಿ, ಹತ್ತನೇ ಕ್ಲಾಸಿಗೆ, ನಾನು ಓದು ನಿಲ್ಲಿಸಿದೆ. ಎಷ್ಟೋ ವರ್ಷದ ಮೇಲೆ ನನಗೆ ಮತ್ತೆ ಪಾಠ ಹೇಳಿದವರ ಕನ್ನಡಕದ ಎಡಗಡೆಯ ಕಡ್ಡಿ ತಾಮ್ರದ ತಂತಿಯದು. ಮೂಡಿಗೆರೆಯ ನನ್ನ ಮೋಟರ್ ರಿವೈಂಡಿಂಗ್ ಅಂಗಡಿಯ ಕಸದಿಂದ ಹೆಕ್ಕಿ, ಬಿಗಿಯಾಗಿ ಸುತ್ತಿ ಅವರೇ ಮಾಡಿಕೊಂಡದ್ದು. "ಹೊಸದು ಮಾಡಿಸಿ ಟೀಚರ್" ಎಂದರೆ, "ಕಣ್ಣು ಹಳೇದೇ ಅಲ್ವಾ ಮಾರಾಯ" ಎನ್ನುತ್ತಿದ್ದರು.

ಪಾಲಿಟೆಕ್ನಿಕ್ಕಿನಲ್ಲಿ ಪ್ರೋಗ್ರಾಮಿಂಗ್ ಕಲಿಸಿ ನಿವೃತ್ತರಾಗಿ, ತಂಗಿಯ ಜೊತೆ ಅಂಗಡಿಯ ಮೇಲಿನ ಮನೆಗೆ ಬಾಡಿಗೆಗೆ ಬಂದವರು. ಕಾಫಿ ಒಣಗಿಸುವ ಡ್ರೈಯರುಗಳ ಬಿಸಿ ಹಿಡಿತದಲ್ಲಿಡುವ ಪ್ಯಾನೆಲ್ ರಿಪೇರಿಯನ್ನೂ ನಾನು ಮಾಡುತ್ತಿದ್ದೆ. ಸಂಜೆ ಟೀಚರ್ ಕಾಫಿ ಲೋಟ ಹಿಡಿದು ಕೆಳಗಿಳಿದು ನೋಡುತ್ತಾ ನಿಲ್ಲುವರು. ಒಂದು ದಿನ ಕೇಳಿದರು: "ತಂತಿ ಎಲ್ಲ ನೀನೇ ಕೂಡಿಸ್ತೀಯ. ಒಳಗಿನ ಪ್ರೋಗ್ರಾಮ್ ಮಾತ್ರ ಇನ್ಯಾರೋ ಯಾಕೆ ಬರೀಬೇಕು?"

ಬರುವುದಿಲ್ಲ ಎಂದು ಹೇಳುವ ಜಾಯಮಾನ ನನ್ನದಲ್ಲ. "ಪುರುಸೊತ್ತಿಲ್ಲ ಟೀಚರ್" ಎಂದೆ.

"ಬರಲ್ಲ ಅನ್ನೋದನ್ನ ಚೆನ್ನಾಗಿ ಹೇಳ್ತೀಯ" ಎಂದು ನಕ್ಕು, ಮಾರನೇ ದಿನವೇ ಕಲಿಸಲು ಕೂತರು. ನಾನು ಇಂಗ್ಲಿಷಿಗೆ ತಡವರಿಸುವುದು ಕಂಡು, "ಹೆಸರು ಕನ್ನಡದ್ದೇ ಇಡು, ಅಕ್ಷರ ಮಾತ್ರ ಇಂಗ್ಲಿಷ್ ಇರ್ಲಿ. ಮಷೀನಿಗೆ ಎಲ್ಲ ಒಂದೇ" ಎಂದರು. ಬಿಸಿ, ತೂಕ, ಸೊನ್ನೆ ಎಂಬಂಥ ಹೆಸರುಗಳಲ್ಲೇ ನಾನು ಪ್ರೋಗ್ರಾಮ್ ಬರೆಯಲು ಕಲಿತೆ.

ಬಾಳೂರಿನ ಎಸ್ಟೇಟ್ ಒಂದರ ಡ್ರೈಯರಿಗೆ ಇಬ್ಬರೂ ಸೇರಿ ಪ್ಯಾನೆಲ್ ಮಾಡಿದೆವು. ಪ್ರೋಗ್ರಾಮಿನಲ್ಲಿ ಬಿಸಿ ಅಳೆಯುವ ಫೈಲು ಅವರದು, ಚೀಲ ತೂಗುವ ಫೈಲು ನನ್ನದು. ಅಷ್ಟರಲ್ಲಿ ಅವರಿಗೆ ಕ್ಯಾನ್ಸರ್ ಎಂದು ತಿಳಿದಿತ್ತು. ಮೆಟ್ಟಿಲು ಇಳಿಯುವುದು ನಿಂತೇಹೋಯಿತು. "ಇದೊಂದು ಓಡ್ತು ಅಂತ ಕೇಳಿಬಿಟ್ರೆ ಸಾಕು" ಎನ್ನುತ್ತಿದ್ದರು.

ಪ್ಯಾನೆಲ್ ಕೈಕೊಟ್ಟಿತು. ಬಿಸಿ ನಿಲ್ಲಬೇಕಾದಲ್ಲಿ ನಿಲ್ಲದೆ ಏರುತ್ತಿತ್ತು. ಸೆನ್ಸರ್ ಬದಲಿಸಿದೆ, ವೈರಿಂಗ್ ಬದಲಿಸಿದೆ. ಎಸ್ಟೇಟಿನ ಸಾಹುಕಾರರು, "ನಾಳೆ ಒಂದಿನ ನೋಡ್ತೀನಿ. ಮತ್ತೆ ಕಾಫಿ ಸುಟ್ರೆ ಬಿಚ್ಕೊಂಡು ಹೋಗಿ ಮಾರಾಯ್ರೆ" ಎಂದರು.

ಲ್ಯಾಪ್‌ಟಾಪನ್ನು ಟೀಚರ ಹಾಸಿಗೆಯ ಬಳಿ ಒಯ್ದೆ. "ಬಿಸಿ ಯಾವಾಗ ತಪ್ಪೋದು?" ಎಂದರು.

"ಚೀಲ ತೂಗೋ ಮುಂಚೆ ತಕ್ಕಡಿನ ಸೊನ್ನೆಗೆ ತರ್ತಾರಲ್ಲ, ಆಗಿಂದ."

ಅವರು ಕನ್ನಡಕ ಸರಿಮಾಡಿಕೊಂಡರು. "ಅದಕ್ಕೆ ಏನು ಹೆಸರಿಟ್ಟಿದೀಯ?"

"ಸೊನ್ನೆ ಅಂತಲೇ."

"ಅಯ್ಯೋ, ನಂದೂ ಅದೇ."

ಬೇರೆ ಬೇರೆ ಫೈಲುಗಳನ್ನು ಕೊನೆಗೆ ಒಂದು ಪ್ರೋಗ್ರಾಮಾಗಿ ಕಟ್ಟುವುದು ಲಿಂಕರ್. ಯಾವ ಹೆಸರಿಗೆ ಮೆಮೊರಿಯಲ್ಲಿ ಯಾವ ಜಾಗ ಎಂದು ನಿಶ್ಚಯಿಸುವುದೂ ಅದೇ. ಎಲ್ಲ ಫೈಲಿಗೂ ಕಾಣುವಂತೆ ಇಬ್ಬರೂ ಒಂದೇ ಹೆಸರಿಟ್ಟಿದ್ದೆವು. ಇಬ್ಬರೂ ಅದಕ್ಕೆ ಮೊದಲ ಬೆಲೆ, ಅಂದರೆ ಶುರುವಿನ ಅಂಕಿ, ಬರೆದಿರಲಿಲ್ಲ. ಬರೆದದ್ದನ್ನು ಮಷೀನಿನ ಭಾಷೆಗೆ ಇಳಿಸುವ ನಮ್ಮ ಹಳೇ ಕಂಪೈಲರಿನಲ್ಲಿ ಹಾಗಾದರೆ ಲಿಂಕರ್ ತಕರಾರು ಮಾಡದೆ ಎರಡಕ್ಕೂ ಒಂದೇ ಜಾಗ ಕೊಡುತ್ತಿತ್ತು. ನನ್ನ ತಕ್ಕಡಿ ಬರೆದದ್ದನ್ನು ಅವರ ಥರ್ಮಾಮೀಟರ್ ತನ್ನದೆಂದು ಓದುತ್ತಿತ್ತು.

"ಎರಡು ಕಡೆನೂ ಮೊದಲ ಬೆಲೆ ಬರಿ. ಲಿಂಕರ್ ಬೈಯುತ್ತಾ ಇಲ್ವಾ ನೋಡೋಣ" ಎಂದರು ಟೀಚರ್.

ಬರೆದೆ. ಈ ಹೆಸರು ಎರಡು ಕಡೆ ಇದೆ ಎಂದು ಲಿಂಕರ್ ಕೆಲಸ ನಿಲ್ಲಿಸಿತು. ಟೀಚರ್ ನಕ್ಕರು, ನಕ್ಕದ್ದಕ್ಕೆ ಕೆಮ್ಮಿದರು. "ನಿಂಗೆ ಕಲ್ಸಿದ್ದು ಜಾಸ್ತಿ ಆಯ್ತು ಮಾರಾಯ. ಹೆಸರಿಡೋದ್ರಲ್ಲೂ ನನ್ನ ಹಾಗೇ ಆಗಿದೀಯ. ಎರಡರ ಮುಂದೂ ಸ್ಟ್ಯಾಟಿಕ್ ಅಂತ ಹಾಕು. ನಿಂದು ನಿನ್ನ ಫೈಲಲ್ಲಿರ್ಲಿ, ನಂದು ನನ್ನದ್ರಲ್ಲಿ." ನಾನು ಏಳುವಾಗ ಕೈ ಹಿಡಿದು, "ಬಿಸಿ ನಿಂತ ಕೂಡ್ಲೆ ಫೋನ್ ಮಾಡು" ಎಂದರು.

ಬೆಳಿಗ್ಗೆ ಬಾಳೂರಿನಲ್ಲಿ ಚೀಲ ತೂಗಿದರು, ತಕ್ಕಡಿಯನ್ನು ಸೊನ್ನೆಗೆ ತಂದರು, ಮತ್ತೆ ತೂಗಿದರು. ಬಿಸಿ ಕದಲಲಿಲ್ಲ. "ಇರ್ಲಿ ಬಿಡಿ, ಬಿಚ್ಚೋದು ಬೇಡ" ಎಂದರು ಸಾಹುಕಾರರು. ಅಲ್ಲಿ ಸಿಗ್ನಲ್ ಇಲ್ಲ. ಬೈಕಿನಲ್ಲಿ ಗುಡ್ಡ ಇಳಿದು, ಸಿಗ್ನಲ್ ಸಿಕ್ಕ ತಿರುವಿನಲ್ಲಿ ನಿಂತು ಫೋನ್ ಮಾಡಿದೆ. ಎತ್ತಿದ್ದು ಅವರ ತಂಗಿ.

"ಅಕ್ಕ ಹೋಗಿಬಿಟ್ರು, ಈಗ ತಾನೇ. ಬೆಳಿಗ್ಗೆಯಿಂದ ಕೇಳ್ತಾನೇ ಇದ್ರು, ಬಾಳೂರಿಂದ ಫೋನ್ ಬಂತಾ ಅಂತ."

ಬೈಕ್ ಸ್ಟಾರ್ಟ್ ಮಾಡಿ ಮೂಡಿಗೆರೆಗೆ ಹೊರಟೆ.

ಆ ಎರಡೂ ಫೈಲುಗಳಲ್ಲಿ ಸೊನ್ನೆ ಇವತ್ತಿಗೂ ಹಾಗೇ ಇದೆ, ಅವರದರಲ್ಲಿ ಅವರದು, ನನ್ನದರಲ್ಲಿ ನನ್ನದು. ಹೆಸರು ಬದಲಿಸಲು ಮನಸ್ಸಾಗಿಲ್ಲ.

ಈಗ ನನಗೆ ಅಂಗಡಿ ಒಂದು, ಕೆಲಸಕ್ಕೆ ಇಬ್ಬರು, ನಮ್ಮ ಪ್ಯಾನೆಲ್ಲಿನಲ್ಲಿ ಓಡುವ ಡ್ರೈಯರ್ ಒಂಬತ್ತು. ತಂಗಿ ಕೊಟ್ಟ ಕನ್ನಡಕ ಒಂದು. ಟೀಚರಿಗೆ ಹೇಳಬೇಕಿದ್ದ ಮಾತು ಒಂದು.