ಸಿಪ್ಪೆ ಟೀ

ಚಾಮರಾಜನಗರದಿಂದ ಊಟಿಗೆ ಹೊರಟ ನಾನು, ಅವ್ವ ಗುಂಡ್ಲುಪೇಟೆಯ ಬೇಕರಿಯೊಂದರ ಮುಂದೆ ಇಳಿದೆವು. ಒಳಗೆ ಬನ್ನಿನ ಹಿಟ್ಟಿಗೆಂದು ಏಲಕ್ಕಿ ಕಾಳನ್ನು ಸಕ್ಕರೆಯೊಡನೆ ಕುಟ್ಟುತ್ತಿದ್ದರು. ಕಾರಿನಲ್ಲಿ ಬರುವವರ ಟೀಗೂ ಅದೇ ಪುಡಿ. ಉಳಿದ ಸಿಪ್ಪೆ ಮಾತ್ರ ಕೂಲಿಯವರ ಟೀ ಕುದಿಯುವ ಇನ್ನೊಂದು ಪಾತ್ರೆಗೆ ಬೀಳುತ್ತಿತ್ತು. ನನ್ನ ಇಸ್ತ್ರಿ ಶರ್ಟು ನೋಡಿ ಮಾಲೀಕ ಕುರ್ಚಿ ಎಳೆದುಕೊಟ್ಟ. ಹಿಂದೆಯೇ ಬಂದ ಅವ್ವನನ್ನು ಬಾಗಿಲಲ್ಲೇ ನಿಲ್ಲಿಸಿ ಸಿಪ್ಪೆ ಟೀ ಕೊಟ್ಟ.

"ಅವರು ನಮ್ಮವ್ವ ಕಣ್ರೀ," ಎಂದು ಎದ್ದೆ.

"ಅಯ್ಯೋ, ಗೊತ್ತಾಗ್ನಿಲ್ಲ ಸಾರ್! ಬಾರವ್ವ ಒಳಕ್ಕೆ, ಬ್ಯಾರೆ ಟೀ ಕೊಡ್ತೀನಿ."

ಕೂಲಿ ಮಾಡಿಯೇ ನನ್ನನ್ನು ಓದಿಸಿ ನಮ್ಮ ಮನೆಗೆ ಮೊದಲ ಡಿಗ್ರಿ ತಂದವಳು ಅವ್ವ. ನಿಂತಲ್ಲೇ ಲೋಟ ಖಾಲಿ ಮಾಡಿ ನನ್ನನ್ನೇ ಗದರಿದಳು:

"ಸುಮ್ಕೆ ಕೂತ್ಕಳ್ಲಾ. ನಿನ್ನನ್ನ ಕುರ್ಚೀಲಿ ಕೂರ್ಸವ್ನಲ್ಲ, ಅಷ್ಟು ಸಾಕು ಬುಡು."