ಹಲ್ಲಿಗೂ ಆಮೆಗೂ ಜೋಡಾಟ

ಹಲ್ಲಿಯ ಸಿನಿಮಾ ಕಂಪನಿ ಬೇರೆ, ಆಮೆಯ ಕಂಪನಿ ಬೇರೆ ಎಂದು ಮಗಳು ಎಷ್ಟು ಸಲ ಹೇಳಿದರೂ ನನ್ನ ತಲೆಗೆ ಹೋಗುತ್ತಿರಲಿಲ್ಲ. ದೈತ್ಯ ಪ್ರಾಣಿಗಳ ಹಳೆಯ ಜಪಾನಿ ಸಿನಿಮಾಗಳೆಂದರೆ ಅವಳಿಗೆ ಹುಚ್ಚು. ರಬ್ಬರಿನ ವೇಷ ತೊಟ್ಟ ಮನುಷ್ಯ ಆಟಿಕೆಯಂಥ ಮನೆಗಳನ್ನು ತುಳಿಯುತ್ತಾನೆ, ಜನ ಕಿರುಚಿಕೊಂಡು ಓಡುತ್ತಾರೆ. ಒಂದು ಸಿನಿಮಾದಲ್ಲಿ ಊರು ಸುಟ್ಟ ಹಲ್ಲಿ ಇನ್ನೊಂದರಲ್ಲಿ ಅದೇ ಊರನ್ನು ಕಾಯುತ್ತದೆ. ಹಾಗಾದರೆ ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ, "ಅಪ್ಪಾ, ಜಸ್ಟ್ ವಾಚ್" ಎನ್ನುತ್ತಾಳೆ.

ಈ ಅರಬ್ ದೇಶದಲ್ಲಿ ನಾನೂ ಮಗಳೂ ಇರುವುದು ರಾಜಧಾನಿಯ ಅಲ್ ಗುಬ್ರಾದ ಫ್ಲ್ಯಾಟಿನಲ್ಲಿ, ಅವಳ ಶಾಲೆಗೆ ಹತ್ತಿರ. ಹೆಂಡತಿ ಇಬ್ರಿಯ ಕ್ಲಿನಿಕ್ಕೊಂದರಲ್ಲಿ ನರ್ಸ್. ಅಷ್ಟು ದೂರದ ಕೆಲಸ ಬೇಡ ಎಂದೆ ನಾನು. ನಿಮ್ಮ ಬೌಷರಿನ ಆಫೀಸು ಬಿಟ್ಟು ನೀವೇ ಬನ್ನಿ ಎಂದಳು ಅವಳು. ಇಬ್ಬರೂ ಜಗ್ಗಲಿಲ್ಲ. ಇಲ್ಲಿ ವಾರದ ರಜೆ ಶುಕ್ರವಾರ; ಮಗಳು ಒಂದು ಶುಕ್ರವಾರ ನನ್ನ ಹತ್ತಿರ, ಮರು ಶುಕ್ರವಾರ ಅಮ್ಮನ ಹತ್ತಿರ. ಹತ್ತನೆಯ ತರಗತಿ ಮುಗಿದ ಮೇಲೆ ಯಾರ ಜೊತೆ ಇರುವುದೆಂದು ಅವಳೇ ಹೇಳಲಿ ಎಂದು ಬಿಟ್ಟಿದ್ದೆವು. ಅವಳು ಬಾಯಿ ಬಿಡುತ್ತಿರಲಿಲ್ಲ. ಎಲ್ಲಿ ಇಬ್ರಿ ಎಂದುಬಿಡುತ್ತಾಳೋ ಎಂದು ನನಗೆ ಹೆದರಿಕೆ.

ಒಲಿಸಿಕೊಳ್ಳಲೆಂದು ಹಲ್ಲಿಯ ಸಿನಿಮಾಗಳನ್ನು ಹುಡುಕಿ ಹುಡುಕಿ ಹಾಕತೊಡಗಿದೆ. ಆಮೇಲೆ ತಿಳಿಯಿತು, ಇಬ್ರಿಯಲ್ಲಿ ಹೆಂಡತಿ ಆಮೆಯದನ್ನು ಹಾಕುತ್ತಿದ್ದಾಳೆ! ಆಕಾಶದಲ್ಲಿ ಹಾರುವ ಆಮೆ, ಅದೂ ಮಕ್ಕಳ ಸ್ನೇಹಿತ. ನನಗೆ ಹೊಟ್ಟೆ ಉರಿಯಿತು.

"ಇವೆರಡೂ ಯಾವಾಗ ಹೊಡೆದಾಡ್ತವೆ ಮಾರಾಯ್ತಿ?" ಎಂದು ಮಗಳನ್ನು ಕೇಳಿದೆ.

"ಹೊಡೆದಾಡುದಿಲ್ಲ ಅಪ್ಪಾ. ರೈವಲ್ ಕಂಪನಿ. ಇವರ ಹಲ್ಲಿ ಹಿಟ್ ಆಯ್ತು ಅಂತ ಅವರು ಆಮೆ ಮಾಡಿದ್ರು. ಒಂದೇ ಫಿಲ್ಮಿನಲ್ಲಿ ಬರುದೇ ಇಲ್ಲ."

ನನಗೆ ಇನ್ನಷ್ಟು ಗೊಂದಲ. ನಮ್ಮ ಉಡುಪಿ ಕಡೆ ಎರಡು ಯಕ್ಷಗಾನ ಮೇಳಗಳಿಗೆ ಪೈಪೋಟಿ ಬಿದ್ದರೆ ಒಂದೇ ಗದ್ದೆಯಲ್ಲಿ ಎರಡು ರಂಗಸ್ಥಳ ಹಾಕಿ, ಒಂದೇ ಪ್ರಸಂಗ ಆಡಿಸುತ್ತಾರೆ. ಅದೇ ಜೋಡಾಟ. ಒಬ್ಬರ ಚೆಂಡೆ ಏರಿದರೆ ಇನ್ನೊಬ್ಬರದು ಅದಕ್ಕಿಂತ ಜೋರು. ಯಾರ ಎದುರಿನ ಜನ ಎದ್ದು ಹೋಗುತ್ತಾರೋ ಆ ಮೇಳ ಸೋತಂತೆ. ಮುಖಾಮುಖಿಯೇ ಆಗದಿದ್ದರೆ ಅದೆಂಥ ಪೈಪೋಟಿ?

ಹೆಂಡತಿ ರಜೆಯಲ್ಲಿ ಬಂದ ಶುಕ್ರವಾರ, ಮಧ್ಯಾಹ್ನದ ಊಟವಾದ ಮೇಲೆ, ನಾನೇ ಜೋಡಾಟ ಇಟ್ಟೆ. ಟೀವಿಯಲ್ಲಿ ಹಲ್ಲಿ, ಪಕ್ಕದ ಲ್ಯಾಪ್‌ಟಾಪಿನಲ್ಲಿ ಆಮೆ, ಎದುರಿಗೆ ನಡುವಿನ ಕುರ್ಚಿಯಲ್ಲಿ ಮಗಳು.

"ನಿಮಗೆಂತ ಮರ್ಲಾ?" ಎಂದು ಹುಚ್ಚನನ್ನು ನೋಡುವಂತೆ ನೋಡಿದಳು ಹೆಂಡತಿ. ಹಾಗೆನ್ನುತ್ತಲೇ ಲ್ಯಾಪ್‌ಟಾಪಿನ ಬಳಿ ಕೂತಳು. ಅವಳೂ ನಮ್ಮೂರ ಕಡೆಯವಳೇ ತಾನೇ.

ಹಲ್ಲಿ ಗರ್ಜಿಸಿತು. ಆಮೆಯೂ ಗರ್ಜಿಸಿತು. ನಾನು ಸೌಂಡ್ ಏರಿಸಿದೆ, ಅವಳೂ ಏರಿಸಿದಳು.

"ಇಲ್ಲಿ ನೋಡು ಮಗಾ!" ಎಂದೆ ನಾನು.

"ಅದೆಂತ ನೋಡುದು, ಇಲ್ಲಿ ನೋಡು!" ಎಂದಳು ಅವಳು.

ಮಗಳ ಕತ್ತು ಆಚೆ ಈಚೆ ತಿರುಗುತ್ತಿತ್ತು. ಅವಳಿಗೆ ಖುಷಿಯಾಗಿದೆ ಎಂದೇ ನಾನು ತಿಳಿದೆ. ಅಷ್ಟರಲ್ಲಿ ಅವಳು ಎರಡೂ ಕಿವಿ ಮುಚ್ಚಿಕೊಂಡಳು. "ಖಲಾಸ್!" ಎಂದು ಕೂಗಿ ಎದ್ದು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಖಾಲಿ ಕುರ್ಚಿಯ ಎದುರು ಎರಡೂ ಗರ್ಜಿಸುತ್ತಲೇ ಇದ್ದವು. ಹೆಂಡತಿ ಲ್ಯಾಪ್‌ಟಾಪ್ ಮುಚ್ಚಿದಳು.

"ಈಗ ಸೋತದ್ದು ಯಾರು?" ಎಂದು ಕೇಳಿದಳು.

ಎರಡೂ ಕಡೆಯ ಜನ ಒಟ್ಟಿಗೇ ಎದ್ದು ಹೋದ ಜೋಡಾಟವನ್ನು ನಾನು ಕಂಡಿಲ್ಲ. ಟೀವಿ ಬಂದ್ ಮಾಡಿದೆ. ಇಬ್ಬರೂ ಹೋಗಿ ಮಗಳ ಕೋಣೆಯ ಹೊರಗೆ ನಿಂತೆವು. ಒಳಗೆ ಅವಳು ಅಳುವುದು ಕೇಳಿಸುತ್ತಿತ್ತು. ಬಾಗಿಲನ್ನು ಯಾರು ಮೊದಲು ತಟ್ಟಬೇಕೆಂದು ನಮ್ಮಿಬ್ಬರಿಗೂ ತಿಳಿಯಲಿಲ್ಲ.