ಹೊತ್ತು ಮುಳುಗಿದ ಮೇಲಿನ ಹಸಿವು

ಮಗಳ ಎಡಿಎಚ್‌ಡಿಗೆಂದು ಕೊಟ್ಟ ಮೊದಲ ಗುಳಿಗೆ ಅವಳನ್ನು ತರಗತಿಯಲ್ಲೇ ತೂಕಡಿಸುವಂತೆ ಮಾಡಿತು. ಎರಡನೆಯದು ಒಗ್ಗಿತು. ಕೂತಲ್ಲಿ ಕೂರದವಳು ಲೆಕ್ಕ ಮುಗಿಸಿಯೇ ಏಳತೊಡಗಿದಳು. ಆದರೆ ಶಾಲೆಯ ಬಟ್ಟೆ ದಿನೇದಿನೇ ಸಡಿಲವಾಗುತ್ತಿತ್ತು. ಊಟದ ಡಬ್ಬಿ ಕಳಿಸಿದ ಹಾಗೆಯೇ ವಾಪಸು ಬರುತ್ತಿತ್ತು, ಸಂಜೆ ನಮ್ಮ ಜೊತೆ ಉಣ್ಣಲು ಕೂತರೂ ತಟ್ಟೆ ಸರಿಸಿಬಿಡುತ್ತಿದ್ದಳು. ಈ ಗುಳಿಗೆಯನ್ನೂ ಬದಲಿಸಿಕೊಡಿ ಎಂದು ಜಗಳಕ್ಕೇ ಹೊರಟವಳಂತೆ ಸಾಂಗ್ಲಿಯಿಂದ ಮಿರಜಿನ ಡಾಕ್ಟರ ಬಳಿ ಹೋದೆ.

“ಗುಳಿಗಿ ಜೋರು ಇಳದ ಮ್ಯಾಲೆ, ರಾತ್ರಿ ಹಸಿವು ಬರತೈತ್ರಿ. ಆವಾಗ ಏನ್ ಉಣಸ್ತೀರಿ?” ಎಂದರು.

“ನಾವು ಜೈನರು. ಹೊತ್ತು ಮುಣಗಿದ ಮ್ಯಾಲೆ ಉಣ್ಣೂದಿಲ್ರಿ.”

“ಹಸಿವು ಬರೂ ಹೊತ್ತಿಗೆ ಅಡಗಿಮನಿ ಬಂದ್ ಮಾಡಿದ್ರ, ನಾ ಯಾವ ಗುಳಿಗಿ ಬರದು ಕೊಡ್ಲಿ ತಾಯಿ?”

ಮೈಯೆಲ್ಲ ಉರಿಯಿತು. ಆದರೆ ಮೆಟ್ಟಿಲು ಇಳಿಯುವಾಗ ನೆನಪಾಯಿತು: ರಾತ್ರಿ ಅವಳು ಹಾಸಿಗೆಯಲ್ಲಿ ಹೊರಳಾಡುತ್ತಿದ್ದಳು. ಅದಕ್ಕೂ ನಾವು ಎಡಿಎಚ್‌ಡಿಯನ್ನೇ ಬೈದಿದ್ದೆವು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಹೊತ್ತು ಮುಳುಗಿದ ಮೇಲೆ ನೀರೂ ಮುಟ್ಟದ ಅವರು ಅಂದು ರಾತ್ರಿ ತಾವೇ ಗ್ಯಾಸ್ ಹಚ್ಚಿ ಉಪ್ಪಿಟ್ಟು ಮಾಡಿ, ಮೊಮ್ಮಗಳ ಮುಂದಿಟ್ಟು ಎದುರಿಗೆ ಕೂತರು.

“ಉಪ್ಪು ಸರಿ ಐತೇನ ನೋಡವಾ. ನಾ ರುಚಿ ನೋಡೂ ಹಂಗಿಲ್ಲ.”

ಯಾವುದರ ಮೇಲೂ ಮನಸ್ಸು ನಿಲ್ಲದ ನನ್ನ ಮಗಳು ಕಣ್ಣು ಮುಚ್ಚಿ, ಒಂದೇ ತುತ್ತನ್ನು ನಿಧಾನಕ್ಕೆ ಅಗಿದಳು.

“ಕಮ್ಮಿ ಐತಿ, ಆಯಿ.”

ಅಜ್ಜಿ ಎದ್ದು ಉಪ್ಪಿನ ಡಬ್ಬಿ ತರುವಷ್ಟರಲ್ಲಿ ತಟ್ಟೆ ಖಾಲಿಯಾಗಿತ್ತು.